ಬಸ್ಸಿನಲ್ಲಿ ಕೂತು ಊರು ಬರೆದವರು

ಬೆಳಗಿನ ವಾಕಿಂಗ್ ಗೆಳೆಯರ ನಡುವೆ ಮೊನ್ನೆ ಮತ್ತೆ ಅದೇ ಮಾತು ಬಂತು. “ಈ ಸೋಶಿಯಲ್ ಮೀಡಿಯಾದಿಂದ ಎಲ್ಲರೂ ಹಾಳಾದರು ಮಾರಾಯ್ರೆ, ಯಾರಿಗೂ ಸ್ವಂತದ್ದು ಅಂತ ಏನೂ ಉಳಿದಿಲ್ಲ!” ನಾನೂ ಹೌದೌದೆಂದು ತಲೆಯಾಡಿಸಿದೆ. ಮನೆಗೆ ಬಂದು ಕಾಫಿ ಕುಡಿಯುವಾಗ ಮಾತ್ರ ಸ್ವಲ್ಪ ನಾಚಿಕೆಯಾಯಿತು. ಏಕೆಂದರೆ ಮೂವತ್ತು ವರ್ಷ ಕೈಬಿಟ್ಟಿದ್ದ ಪೆನ್ಸಿಲನ್ನು ನಾನು ಮತ್ತೆ ಹಿಡಿದದ್ದೇ ಆ ಸೋಶಿಯಲ್ ಮೀಡಿಯಾದ ದಯೆಯಿಂದ. ಆ ಋಣ ತೀರಿಸುವುದಕ್ಕಾದರೂ ಒಂದು ಸಣ್ಣ ಚರಿತ್ರೆ ಹೇಳಬೇಕು.

2004ರ ಫೆಬ್ರವರಿಯಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಪುಟ್ಟ ಕಂಪನಿ ಫ್ಲಿಕರ್ ಎಂಬ ತಾಣ ಶುರುಮಾಡಿತು. ಅವರು ಮಾಡಲು ಹೊರಟಿದ್ದು ಅಂತರ್ಜಾಲದ ಒಂದು ಆಟ. ಆಟ ದಡ ಸೇರಲಿಲ್ಲ, ಆದರೆ ಆ ಕೆಲಸದಿಂದಲೇ ಫೋಟೋ ಹಂಚಿಕೊಳ್ಳುವ ಈ ತಾಣ ಹುಟ್ಟಿತು. ಮರುವರ್ಷವೇ ಯಾಹೂ ಅದನ್ನು ಕೊಂಡುಕೊಂಡಿತು. ಫ್ಲಿಕರಿನ ವಿಶೇಷವೆಂದರೆ ಗುಂಪುಗಳು. ಹಳೇ ಬಾಗಿಲು, ಬೆಕ್ಕು, ಮೋಡ... ಯಾವ ಹುಚ್ಚಿದ್ದರೂ ಸರಿ, ಅದಕ್ಕೊಂದು ಗುಂಪು ಕಟ್ಟಬಹುದಿತ್ತು. ತನ್ನ ಊರಿನಲ್ಲಿ ಒಂಟಿಯಾಗಿದ್ದ ಹುಚ್ಚನಿಗೆ ದೂರದೂರಿನ ಇನ್ನಷ್ಟು ಹುಚ್ಚರು ಸಿಗುತ್ತಿದ್ದರು!

ಈಗ ಕಥೆಯ ನಾಯಕರು. ಗೇಬ್ರಿಯೆಲ್ ಕಂಪನಾರಿಯೋ ಸ್ಪೇನ್ ಮೂಲದ ಪತ್ರಕರ್ತ, ಚಿತ್ರಕಾರ. 2006ರಲ್ಲಿ ಅಮೆರಿಕದ ಸಿಯಾಟಲ್‌ಗೆ ಬಂದರು, ಅಲ್ಲಿನ ಸಿಯಾಟಲ್ ಟೈಮ್ಸ್ ಪತ್ರಿಕೆಯಲ್ಲಿ ಕೆಲಸ. ಹೊಸ ಊರಿನ ಪರಿಚಯ ಮಾಡಿಕೊಳ್ಳುವುದಕ್ಕೆ ಅವರು ಹಿಡಿದ ದಾರಿ ಸರಳವಾದದ್ದು. ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲಿ ಕೂತು, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು. 2007ರ ನವೆಂಬರಿನಲ್ಲಿ ಅವರು ಫ್ಲಿಕರ್‌ನಲ್ಲಿ ‘ಅರ್ಬನ್ ಸ್ಕೆಚರ್ಸ್’ ಎಂಬ ಗುಂಪು ಕಟ್ಟಿದರು. ಮುಖ್ಯ ನಿಯಮ ಒಂದೇ: ಚಿತ್ರವನ್ನು ಸ್ಥಳದಲ್ಲೇ ಕೂತು ಬರೆಯಬೇಕು. ಫೋಟೋ ನೋಡಿ ಬರೆಯುವಂತಿಲ್ಲ, ನೆನಪಿನಿಂದಲೂ ಬರೆಯುವಂತಿಲ್ಲ. ಮರುವರ್ಷ ಬೇರೆ ಬೇರೆ ದೇಶಗಳ ಚಿತ್ರಕಾರರನ್ನು ಕರೆದು, ನಿಮ್ಮ ನಿಮ್ಮ ಊರಿನ ವರದಿಯನ್ನು ಚಿತ್ರದಲ್ಲೇ ಕಳಿಸಿ ಎಂದರು. 2009ರಲ್ಲಿ ಅದು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. 2010ರ ಜುಲೈನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಮೊದಲ ಸಮಾವೇಶ ನಡೆಯಿತು, ಮುಂದಿನ ವರ್ಷ ಲಿಸ್ಬನ್ನಿನಲ್ಲಿ, 2015ರಲ್ಲಿ ನಮ್ಮ ಏಷ್ಯಾದ ಸಿಂಗಪುರದಲ್ಲಿ. ಇಂದು ನೂರಾರು ನಗರಗಳಲ್ಲಿ ಇದರ ಶಾಖೆಗಳಿವೆ. ನಮ್ಮ ಮುಂಬೈಯಲ್ಲೂ ಇದೆ.

ಇದರಲ್ಲಿ ಅಂಥದ್ದೇನಿದೆ ಅನ್ನಬಹುದು ನೀವು. ನನ್ನಂಥವನಿಗೆ ಇತ್ತು. ಉಡುಪಿ ಕಡೆಯ ಹಳ್ಳಿಶಾಲೆಯಲ್ಲಿ ನನಗೆ ಚಿತ್ರ ಬರೆಯುವುದೊಂದೇ ಗೊತ್ತಿದ್ದದ್ದು. ಎಮ್ಮೆ, ತೆಂಗಿನಮರ, ಯಕ್ಷಗಾನದ ಕಿರೀಟ... 1979ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಮುಂಬೈಗೆ ಬಂದೆ. ಕೈಗೆ ಲೆಡ್ಜರು ಬಂತು, ಪೆನ್ಸಿಲು ಹೋಯಿತು. ಚಿತ್ರ ಬರೆಯುವವರೆಂದರೆ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೇ ಆ ಶಾಲೆಯಲ್ಲಿ ಪ್ರವೇಶ ಸಿಕ್ಕಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಲಕ್ಷ್ಮಣ್ ಅಂಥವರು ಬಾಗಿಲು ಮುಚ್ಚಿದರೂ ನಿಲ್ಲುವುದಿಲ್ಲ. ನಾವು ಸಾಮಾನ್ಯರು ಬಾಗಿಲು ತಟ್ಟುವ ಮೊದಲೇ ವಾಪಸ್ ಬರುತ್ತೇವೆ.

2009ರಲ್ಲಿ ಒಂದು ಭಾನುವಾರ ಮಗಳು ಮನೆಯ ಕಂಪ್ಯೂಟರಿನಲ್ಲಿ ಈ ಗುಂಪಿನ ಚಿತ್ರಗಳನ್ನು ತೋರಿಸಿದಳು. “ಅಪ್ಪಾ, ನೀನೂ ಬರೀತಿದ್ದೆ ಅಂತ ಅಜ್ಜಿ ಹೇಳ್ತಿದ್ರಲ್ಲ?” ನೋಡುತ್ತಾ ಹೋದೆ. ಕೆಲವು ಚಿತ್ರಗಳು ಅದ್ಭುತ, ಕೆಲವು ವಕ್ರ, ಸೊಟ್ಟ. ಆದರೆ ಸೊಟ್ಟ ಚಿತ್ರಕ್ಕೂ ಅಲ್ಲಿ ಜಾಗವಿತ್ತು! ಅದೇ ನನಗೆ ಧೈರ್ಯ ಕೊಟ್ಟದ್ದು. ಮರುದಿನ ಸಂಜೆ ವಿಟಿಯಲ್ಲಿ ಖಾಲಿ ಲೋಕಲ್ ಹಿಡಿದು ಕಿಟಕಿ ಪಕ್ಕ ಕೂತು, ಎದುರು ಸೀಟಿನಲ್ಲಿ ನಿದ್ದೆ ಹೋಗಿದ್ದವರೊಬ್ಬರ ಕೈಚೀಲ ಬರೆದೆ. ಮಸ್ಜಿದ್ ಸ್ಟೇಷನ್ ಬರುವಷ್ಟರಲ್ಲಿ ಚೀಲದ ಮುಂದೆ ನಾಲ್ಕು ಜನ ನಿಂತಾಗಿತ್ತು. ಅರ್ಧ ಚೀಲದ ಚಿತ್ರವನ್ನೇ ಮಗಳು ಹಾಕಿದಳು. ಮೂರು ದಿನ ಏನೂ ಇಲ್ಲ. ನಾಲ್ಕನೆಯ ದಿನ ಯಾವುದೋ ದೇಶದ, ಹೆಸರೂ ಸರಿಯಾಗಿ ಓದಲಾಗದ ಒಬ್ಬರು ಹಿಡಿಕೆ ಚೆನ್ನಾಗಿ ಬಂದಿದೆ ಎಂದು ಬರೆದಿದ್ದರು. ಆ ಒಂದು ಸಾಲಿನ ಮೇಲೆ ನಾನು ಮೂರು ತಿಂಗಳು ಚಿತ್ರ ಬರೆದೆ!

ಹಂಚಿಕೊಂಡು ಬರೆಯುವುದೇನು ಹೊಸದೇ? ವ್ಯಾನ್ ಗೋ ತಮ್ಮನಿಗೆ ಬರೆದ ಪತ್ರಗಳಲ್ಲಿ 600ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಎಷ್ಟೋ ಪತ್ರಗಳ ನಡುವೆ ತಾನು ಮಾಡುತ್ತಿದ್ದ ಚಿತ್ರದ ಪುಟ್ಟ ನಕಲು. 1888ರ ಅಕ್ಟೋಬರಿನಲ್ಲಿ ತನ್ನ ಮಲಗುವ ಕೋಣೆಯ ಚಿತ್ರವನ್ನು ಹೀಗೇ ಪತ್ರದಲ್ಲಿ ಗೀಚಿ ತೋರಿಸಿದ. ಅವನಿಗಿದ್ದ ಫಾಲೋವರ್ ಹೆಚ್ಚುಕಡಿಮೆ ಒಬ್ಬನೇ, ತಮ್ಮ ಥಿಯೋ. ಸಾಕಾಯಿತು. ನೋಡುವ ಎರಡು ಕಣ್ಣು ಎಲ್ಲೋ ಇವೆ ಎಂದು ಗೊತ್ತಿದ್ದರೆ ನಮ್ಮ ಕಣ್ಣೂ ಚುರುಕಾಗುತ್ತದೆ.

ನನಗೆ ಆದದ್ದೂ ಅದೇ. ಮಾಟುಂಗದ ಅದೇ ಬಾಡಿಗೆ ಮನೆಯಲ್ಲಿ 1985ರಿಂದ ಇದ್ದೆ. ನಮ್ಮ ಕಟ್ಟಡದ ಮೆಟ್ಟಿಲಿನ ಕಟಾಂಜನದಲ್ಲಿ ಕಮಲದ ವಿನ್ಯಾಸವಿದೆ ಎಂದು ನನಗೆ ತಿಳಿದದ್ದು ಅದನ್ನು ಬರೆಯಲು ಕೂತಾಗ! ದಿನಾ ಕೈಯಿಟ್ಟು ಹತ್ತುತ್ತಿದ್ದೆ, ನೋಡಿರಲಿಲ್ಲ. ಸಿಯಾಟಲ್‌ಗೆ ಬಂದ ಹೊಸಬ ಒಂದೆರಡು ವರ್ಷದಲ್ಲಿ ಮಾಡಿದ್ದನ್ನು ನಾನು ಮೂವತ್ತು ವರ್ಷ ಕಳೆದ ಮೇಲೆ ಶುರುಮಾಡಿದೆ. ಅಲ್ಲಿಯವರೆಗೆ ನನ್ನ ಊರು ಉಡುಪಿ, ಮುಂಬೈ ಬರೀ ಸಂಬಳದ ಜಾಗ.

ಇನ್ನು ತಪ್ಪನ್ನೂ ಹೇಳಿಬಿಡುತ್ತೇನೆ. 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಂ ಬಂತು, ಕೆಲವು ವರ್ಷ ಕಳೆದು ನಾನೂ ಅಲ್ಲಿಗೆ ಹೋದೆ. ಗೇಟ್‌ವೇ ಆಫ್ ಇಂಡಿಯಾ ಬರೆದರೆ ಹಾರ್ಟುಗಳು ಜಾಸ್ತಿ, ತರಕಾರಿ ಗಾಡಿ ಬರೆದರೆ ಕಡಿಮೆ. ಸರಿ, ಗೇಟ್‌ವೇಯನ್ನೇ ಹತ್ತಾರು ಸಲ ಬರೆದೆ. ಕೊನೆಕೊನೆಗೆ ಅಲ್ಲಿಗೆ ಹೋಗದೆ ಫೋಟೋ ನೋಡಿ ಬರೆದೆ. ಇದ್ದ ಒಂದು ನಿಯಮವನ್ನೂ ಮುರಿದಿದ್ದೆ! 2016ರಲ್ಲಿ ಅವರು ಸಮಯದ ಕ್ರಮ ಬಿಟ್ಟು ತಮ್ಮ ಲೆಕ್ಕಾಚಾರದಂತೆ ಚಿತ್ರ ತೋರಿಸಲು ಶುರುಮಾಡಿದರು. ನನ್ನ ಹಾರ್ಟುಗಳು ಇಳಿದುಹೋದವು. ನಾನೂ ಮುನಿಸಿಕೊಂಡು ಒಂದು ವರ್ಷ ಪೆನ್ಸಿಲು ಮುಟ್ಟಲಿಲ್ಲ. ಈಗ ಯೋಚಿಸಿದರೆ, ನಾನು ಚಿತ್ರ ಬರೆಯುವುದನ್ನು ನಿಲ್ಲಿಸಿದ್ದು ಆಗಲ್ಲ. ಫೋಟೋ ನೋಡಿ ಬರೆಯತೊಡಗಿದ ದಿನವೇ ನಿಲ್ಲಿಸಿದ್ದೆ.

2018ರಲ್ಲಿ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಖಾಲಿ ಮಾಡಲು ಎರಡು ತಿಂಗಳ ಗಡುವು. ಹೆಂಡತಿ ಪಾತ್ರೆ ಕಟ್ಟುತ್ತಿದ್ದರೆ ನಾನು ಹಳೇ ನಿಯಮಕ್ಕೆ ಮರಳಿ, ಸ್ಟೂಲು ಹಾಕಿಕೊಂಡು ಪ್ರತಿ ಸಂಜೆ ಒಂದೊಂದು ಮೂಲೆ ಬರೆದೆ. ತುಕ್ಕು ಹಿಡಿದ ಅಂಚೆಪೆಟ್ಟಿಗೆಗಳ ಸಾಲು, ನೀರಿನ ಪಂಪು, ಕಮಲದ ಕಟಾಂಜನ. “ಸಾಮಾನು ಕಟ್ಟೋ ಹೊತ್ತಲ್ಲಿ ಇದೇನ್ರೀ ಹುಚ್ಚು?” ಎಂದು ಬೈಸಿಕೊಂಡದ್ದೂ ಆಯಿತು. ಮೆಟ್ಟಿಲಿನ ಚಿತ್ರಕ್ಕೆ ಬಂದದ್ದು ಹನ್ನೊಂದು ಹಾರ್ಟು. ಆದರೆ ಅದು ಕೈಯಿಂದ ಕೈಗೆ ದಾಟಿ ನಮ್ಮ ಮೂರನೇ ಮಹಡಿಯ ಮರಾಠಿ ಕಾಕೂ ಅವರ ಮೊಮ್ಮಗನ ಮೊಬೈಲಿಗೆ ಮುಟ್ಟಿತ್ತು. ಎಂಬತ್ತು ದಾಟಿದ ಕಾಕೂ ಮೆಲ್ಲಗೆ ಮೆಟ್ಟಿಲಿಳಿದು ಬಂದು, ಆ ಚಿತ್ರ ನನಗೆ ಕೊಡ್ತೀಯಾ ಎಂದು ಕೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಮಿಲ್ಲಿನಿಂದ ಬರುವವರೆಗೆ ಅದೇ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರಂತೆ. ಮೂಲ ಚಿತ್ರವನ್ನೇ ಕೊಟ್ಟೆ.

ಹೊಸ ಕಟ್ಟಡ ಈಗ ಎದ್ದಿದೆ, ಲಿಫ್ಟ್ ಇದೆ. ಕಾಕೂ ಅದನ್ನು ನೋಡಲು ಉಳಿಯಲಿಲ್ಲ. ಠಾಣೆಯಲ್ಲಿ ಅವರ ಮಗನ ಮನೆಯ ಗೋಡೆಯ ಮೇಲೆ ಆ ಮೆಟ್ಟಿಲು ಇದೆ.

ನಾಳೆ ವಾಕಿಂಗಿನಲ್ಲಿ ಮತ್ತೆ ಆ ಮಾತು ಬಂದರೆ ತಲೆಯಾಡಿಸುವುದಿಲ್ಲ. ಜೇಬಿನಲ್ಲಿ ಪುಟ್ಟ ಪುಸ್ತಕ ಇರುತ್ತದೆ, ಮಾತಾಡುವವರ ಮೂಗನ್ನೇ ಬರೆದು ತೋರಿಸುತ್ತೇನೆ!