ಆಂಟ್ವರ್ಪ್‌ನ ಮಳೆ, ಮಾಗಡಿಯ ಚಳಿ: ಬೆಳಗಾವಿಯ ಓಟಗಾರ ಮತ್ತು ನಮ್ಮ ನಸುಕಿನ ಓಟ

ಇಯರ್‌ಫೋನ್ ಹಾಕ್ಕೊಂಡು ಓಡ್ತಾ ಇದನ್ನು ಕೇಳ್ತಾ ಇದ್ದೀರಿ ಅಂದ್ರೆ ಮೊದಲು ಒಂದು ಕಿವಿಯದ್ದನ್ನು ತೆಗೆದುಬಿಡಿ. ಕಬ್ಬಿನ ಸೀಸನ್ ಇದು. ಹಿಂದೆ ದೀಪವಿಲ್ಲದ ಟ್ರ್ಯಾಲಿಗಳು ನಸುಕಿನಲ್ಲೇ ರಸ್ತೆಗೆ ಇಳಿದಿರ್ತವೆ. ರಸ್ತೆಯ ಬಲಗಡೆ ಓಡಿ, ಎದುರಿಗೆ ಬರೋ ಗಾಡಿ ಕಣ್ಣಿಗೆ ಕಾಣಬೇಕು. ಹಾಂ, ಈಗ ಕಥೆಗೆ ಬರೋಣ.

ಗದಗದಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರ್. ಅಂದ್ರೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. ನಡುವೆ, ಗದಗದಿಂದ 26 ಕಿಲೋಮೀಟರ್ ದೂರದಲ್ಲಿ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಸಿಗ್ತದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಹಕ್ಕಿಗಳಿವು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಅವು ಬಂದವು ಅಂದ್ರೆ ನಮ್ಮ ಕಡೆ ಓಡೋರ ಸೀಸನ್ನೂ ಶುರು. ಬೇಸಿಗೆಯಲ್ಲಿ ಎಂಟು ಗಂಟೆಗೇ ಸುಡೋ ರಸ್ತೆ ಈಗ ಒಂಬತ್ತರವರೆಗೂ ತಂಪಾಗಿರ್ತದೆ.

ನೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ಓಡಿದ್ದರೆ ನೀವು ಮೂರು ಆಡಳಿತ ದಾಟಬೇಕಿತ್ತು. ಗದಗ ಬ್ರಿಟಿಷರ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ. ಆ ಕಾಲದಲ್ಲಿ ಇದೇ ಮುಂಬೈ ಪ್ರಾಂತ್ಯದ ಒಬ್ಬ ಹುಡುಗ ಒಲಿಂಪಿಕ್ ಮ್ಯಾರಥಾನ್ ಓಡಿ ಬಂದ. ಹೆಸರು ಫಡೆಪ್ಪ ದರೆಪ್ಪ ಚೌಗುಲೆ, ಊರು ಬೆಳಗಾವಿ. ಹೆಸರಿನ ಕೊನೆಗಿರೋ ಆ ‘ಪ್ಪ’ ಕೇಳಿದ್ರೇ ನಮ್ಮ ಪಕ್ಕದ ಮನೆಯವನು ಅನ್ನಿಸ್ತದೆ. ಶಾಲೆಯಲ್ಲಿ ಈ ಹೆಸರನ್ನು ಓದಿದ ನೆನಪು ನನಗಂತೂ ಇಲ್ಲ.

ಕಥೆ ಶುರುವಾಗೋದು ಪುಣೆಯಲ್ಲಿ. ಅಲ್ಲಿನ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟಕ್ಕೆ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಹೋಗಿದ್ರು. ಓಡೋಕೆ ಬಂದವರು ಹೊಲದಲ್ಲಿ ದುಡಿಯೋ ಹುಡುಗರು. 1929ರಲ್ಲಿ ಟಾಟಾ ಒಂದು ಪತ್ರದಲ್ಲಿ ಅದನ್ನೆಲ್ಲ ನೆನಪಿಸಿಕೊಂಡಿದ್ದಾರೆ. ಮ್ಯಾರಥಾನ್ ಅಂದ್ರೆ ಎಷ್ಟು ದೂರ ಅಂತ ಸಂಘಟಕರನ್ನು ಕೇಳಿದ್ರೆ, ಎರಡು ಮೂರು ಮೈಲಿ ಇರಬಹುದು ಅಂದ್ರಂತೆ! ಇಪ್ಪತ್ತೈದು ಮೈಲಿ, ಅದೂ ರಸ್ತೆ ಮೇಲೆ ಅಂತ ಹೇಳಿದಾಗ ಅವರಿಗೆ ಗಾಬರಿ. ಆಮೇಲೆ ರಸ್ತೆ ಮೇಲೆ ಓಡಿಸಿದಾಗ ಗಾಬರಿಯಾಗುವ ಸರದಿ ಟಾಟಾರದ್ದು. ಗಟ್ಟಿ ಜಲ್ಲಿ ರಸ್ತೆಯಲ್ಲಿ, ಬರಿಗಾಲಲ್ಲಿ, ಇಲ್ಲವೇ ಮೆತ್ತನೆ ತೊಗಲಿನ ನಾಡು ಚಪ್ಪಲಿಯಲ್ಲಿ, ಯಾವ ತರಬೇತಿಯೂ ಇಲ್ಲದೆ ಓಡಿದ ಆ ಹುಡುಗರು ಯುರೋಪಿನವರ ಸಮಯಕ್ಕೆ ಹತ್ತಿರ ಬಂದುಬಿಟ್ಟಿದ್ದರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಅನ್ನೋ ಹಟ ಅಲ್ಲಿಂದ ಹುಟ್ಟಿತು. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು 1927ರಲ್ಲಿ, ಅಂದ್ರೆ ಅದಕ್ಕೂ ಏಳು ವರ್ಷ ಮೊದಲೇ 1920ರ ಆಂಟ್ವರ್ಪ್ ಕೂಟಕ್ಕೆ ಆರು ಜನರ ತಂಡ ಹಡಗು ಹತ್ತಿತ್ತು. ಚೌಗುಲೆ ಜೊತೆ ಹುಬ್ಬಳ್ಳಿಯ ಕೈಕಾಡಿ ಅನ್ನೋ ಓಟಗಾರನೂ ಇದ್ದ.

1920ರ ಆಗಸ್ಟ್ 22. ಬೆಲ್ಜಿಯಂನ ಆಂಟ್ವರ್ಪ್. ಹೆಸರಿಗೆ ಬೇಸಿಗೆ, ಆದ್ರೆ ಅವತ್ತು ತಣ್ಣನೆ ಮಳೆ. ಓಟದ ದೂರ 42.75 ಕಿಲೋಮೀಟರ್, ಒಲಿಂಪಿಕ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದ. ಭಾರತದಿಂದ ಹೋದ ಇನ್ನೊಬ್ಬ ಮ್ಯಾರಥಾನ್ ಓಟಗಾರ ದಾತಾರ್ ನಡುವೆಯೇ ನಿಲ್ಲಬೇಕಾಯ್ತು. ನಮ್ಮ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದ.

ಹತ್ತೊಂಬತ್ತನೇ ಸ್ಥಾನವಾ ಅಂತ ಮೂಗು ಮುರಿಯೋ ಮೊದಲು ಒಂದು ಲೆಕ್ಕ ಕೇಳಿ. ಕಿಲೋಮೀಟರಿಗೆ ಹತ್ತಿರಹತ್ತಿರ ನಾಲ್ಕು ನಿಮಿಷ. ಅದೇ ವೇಗದಲ್ಲಿ 1600 ಮೀಟರ್ ಓಡಿದ್ರೆ 6 ನಿಮಿಷ 23 ಸೆಕೆಂಡ್ ಚಿಲ್ಲರೆ ಆಗ್ತದೆ. ಈ ಸಂಖ್ಯೆ ಎಲ್ಲೋ ಕೇಳಿದಂಗೈತಲ್ಲ? ನಮ್ಮ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಹುಡುಗರಿಗೆ 1600 ಮೀಟರ್‌ಗೆ ಕೊಡೋದು 6 ನಿಮಿಷ 30 ಸೆಕೆಂಡ್. ಅಂದ್ರೆ ಚೌಗುಲೆ ಆ ಪರೀಕ್ಷೆಯನ್ನು ಪಾಸ್ ಮಾಡಿದ, ನಿಲ್ಲದೆ ಮತ್ತೆ ಪಾಸ್ ಮಾಡಿದ, ಹಿಂಗೆ ಇಪ್ಪತ್ತಾರು ಸಲ ಮಾಡಿದ ಮೇಲೂ ಇನ್ನೂ ಒಂದು ಕಿಲೋಮೀಟರ್ ಉಳಿದಿತ್ತು. ಮಳೆಯಲ್ಲಿ.

ಈ ಲೆಕ್ಕ ನಾನು ಸುಮ್ನೆ ಹಾಕಲಿಲ್ಲ. ಗದಗಲ್ಲಾಗಲಿ, ಮುಂಡರಗಿಯಲ್ಲಾಗಲಿ ಬೆಳಗಿನ ಐದೂವರೆಗೆ ಮೈದಾನಕ್ಕೆ ಹೋಗಿ ನೋಡಿ. ಖುಷಿಗೆ ಓಡೋರು ಬೆರಳೆಣಿಕೆ. ಹೆಚ್ಚಿನವರು ಪೊಲೀಸ್, ಮಿಲಿಟರಿ ಭರ್ತಿಗೆ ತಯಾರಿ ಮಾಡೋರು. ನೋಟಿಫಿಕೇಶನ್ ಬಂದ ದಿನದಿಂದ ಶುರು, ದಿನಾ ಪೂರಾ ಜೋರು, ಮೂರನೇ ವಾರಕ್ಕೆ ಕಾಲು ಹಿಡ್ಕೊಂಡು ಕೂಡೋದು. ನಾನೂ ಹಂಗೇ ಕೂತವನು. ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಒಳ ಅಂಚಿಗೆ ನೋವು, ಮೆಟ್ಟಿಲು ಇಳಿಯೋಕೂ ಆಗ್ತಿರಲಿಲ್ಲ. ಟಾಟಾ ನೋಡಿದ ಹುಡುಗರಿಗೆ ತರಬೇತಿ ಇರಲಿಲ್ಲ ನಿಜ. ಆದ್ರೆ ಅವರು ಹುಟ್ಟಿದಾಗಿಂದ ಬರಿಗಾಲಲ್ಲಿ ಹೊಲ ತುಳಿದವರು, ಅವರ ಎಲುಬು, ಮೀನಖಂಡ ಹತ್ತಾರು ವರ್ಷ ತಯಾರಾಗಿದ್ದವು. ನಾವು ದಿನಾ ಎಂಟು ತಾಸು ಕುರ್ಚಿ ಮೇಲೆ ಕೂತು, ಮೂರು ವಾರದಲ್ಲಿ ಅವರಾಗೋಕೆ ಹೋಗ್ತೀವಿ.

ಬರಿಗಾಲು ಒಳ್ಳೇದಾ, ಶೂ ಒಳ್ಳೇದಾ ಅಂತ ಜಗಳ ಆಡೋರಿಗೆ ನಾನು ಅಬೆಬೆ ಬಿಕಿಲಾ ಹೆಸರು ಹೇಳ್ತೀನಿ. 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಗೆದ್ದ, 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡು ಗೆದ್ದ. ಜಗಳ ಮುಗೀತು.

ನಿಜವಾದ ಪ್ರಶ್ನೆ ನೆಲದ್ದು. ನಮ್ಮ ಎರಿ ಭೂಮಿ ಚಳಿಗಾಲದಲ್ಲಿ ಒಣಗಿ ಬಿರುಕು ಬಿಡ್ತದೆ. ಕತ್ತಲಲ್ಲಿ ಆ ಬಿರುಕಿಗೆ ಕಾಲಿಟ್ಟರೆ ಪಾದ ಉಳುಕೋದು ಗ್ಯಾರಂಟಿ. ಕಪ್ಪತಗುಡ್ಡದ ಕಡೆಯ ಮಸಾರಿ ದಾರಿಗಳು ವಾಸಿ, ಡಾಂಬರಿಗಿಂತ ಮೆತ್ತಗೂ ಇರ್ತವೆ. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರ ನೋಡಿದ್ದೀರಲ್ಲ? ಗಾಳಿ ನಮ್ಮ ಜಿಲ್ಲೆಯ ಆಸ್ತಿ. ಚಳಿಗಾಲದಲ್ಲಿ ಅದು ಮೂಡಗಾಳಿ. ಅದಕ್ಕೇ ನಾನು ಹೋಗುವಾಗ ಮುಂಡರಗಿ ರಸ್ತೆ ಹಿಡಿದು ಗಾಳಿಗೆ ಎದೆ ಕೊಟ್ಟು ಹೋಗ್ತೀನಿ, ಬರುವಾಗ ಬೆನ್ನಿಗೆ ಬಿಟ್ಕೋತೀನಿ. ಉಲ್ಟಾ ಮಾಡಿದ್ರೆ ಬೆವತ ಮೈಗೆ ಎದುರುಗಾಳಿ ಹೊಡೆದು ನಡುಕ ಹತ್ತಿಬಿಡ್ತದೆ.

ಇನ್ನು ಬಟ್ಟೆ. ಹತ್ತಿ ಬಗ್ಗೆ ಕೆಟ್ಟದ್ದು ಹೇಳೋಕೆ ಗದಗ-ಬೆಟಗೇರಿಯವನಿಗೆ ನಾಲಿಗೆ ಬರಬಾರದು. 1840ರ ದಶಕದಲ್ಲಿ ಈ ಸೀಮೆಗೆ ಬಂದ ಅಮೆರಿಕದ ಹತ್ತಿ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರಾಯ್ತು, ಗದಗ ದೊಡ್ಡ ಹತ್ತಿ ಪೇಟೆಯಾಯ್ತು, ಬೆಟಗೇರಿ ನೇಕಾರರ ಊರು. ಆದ್ರೂ ಹೇಳ್ಲೇಬೇಕು: ಹತ್ತಿ ಬೆವರನ್ನು ಕುಡಿದು ಹಿಡಿದಿಟ್ಕೋತದೆ, ಆಮೇಲೆ ಮೈಗೆ ತಣ್ಣಗೆ ಅಂಟ್ಕೋತದೆ. ಮನೆಯಲ್ಲಿ ಹಾಕ್ಕೊಳ್ಳಿ, ಓಡೋಕೆ ಬೇಡ. ಪೇಟೆಯಲ್ಲಿ ಸಿಗೋ ಅಗ್ಗದ ಪಾಲಿಯೆಸ್ಟರ್ ಜೆರ್ಸಿ ಸಾಕು, ಅದರ ಮೇಲೊಂದು ತುಂಬುತೋಳಿನ ತೆಳ್ಳಗಿನ ಅಂಗಿ. ಉಣ್ಣೆಯ ಗುಣ ಬೇರೆ, ಒದ್ದೆಯಾದರೂ ಅದು ಬೆಚ್ಚಗಿರ್ತದೆ. ಮಳೆ-ಇಬ್ಬನಿಯಲ್ಲಿ ಕುರಿ ಕಾಯೋರು ಕಂಬಳಿ ಹೊದ್ದು ನಿಲ್ಲೋದು ಸುಮ್ನೆ ಅಲ್ಲ. ನಮ್ಮಲ್ಲಿ ನಸುಕಿಗೆ 15 ಡಿಗ್ರಿ ಆಸುಪಾಸು ಇರ್ತದೆ, ಜಾಕೆಟ್ ಹಾಕ್ಕೊಂಡು ಓಡೋ ಚಳಿ ಅಲ್ಲ ಅದು. ಮನೆಯಿಂದ ಹೊರಬಿದ್ದಾಗ ಸ್ವಲ್ಪ ಚಳಿ ಅನ್ನಿಸಿದ್ರೆ ಬಟ್ಟೆ ಸರಿಯಾಗಿದೆ ಅಂತ ಅರ್ಥ. ಕಿವಿಗೊಂದು ಬಟ್ಟೆ, ಒಡೆದ ಹಿಮ್ಮಡಿಗೆ ರಾತ್ರಿ ಕೊಬ್ಬರಿ ಎಣ್ಣೆ, ಮತ್ತೆ ಕತ್ತಲಿದ್ರೆ ದಯವಿಟ್ಟು ಕರಿ ಟಿ-ಶರ್ಟ್ ಬೇಡ.

ಚಳಿಯಲ್ಲಿ ಸ್ನಾಯು ಬಿಗಿದಿರ್ತವೆ. ಗರಡಿ ಮನಿಯ ಪೈಲ್ವಾನರು ಎದ್ದ ಕೂಡಲೇ ಕುಸ್ತಿಗೆ ಇಳಿಯೋದಿಲ್ಲ, ಬೈಠಕ್, ದಂಡ ಹೊಡೆದು ಮೈ ಬಿಸಿ ಮಾಡ್ಕೋತಾರೆ. ನಾವೂ ಹತ್ತು ನಿಮಿಷ ಜೋರಾಗಿ ನಡೆದು, ಒಂದಿಪ್ಪತ್ತು ಬೈಠಕ್ ಹೊಡೆದು ಆಮೇಲೆ ಓಡಿದ್ರೆ ಏನೂ ಕಳೆದುಹೋಗೋದಿಲ್ಲ.

ಇಷ್ಟಾದರೂ ನೋವು ಬಂತು ಅನ್ನಿ. ಐಸ್ ಇಡು, ಬಿಗಿಯಾಗಿ ಕಟ್ಟು, ಕಾಲು ಎತ್ತಿಡು, ಅಲುಗಾಡಬೇಡ ಅನ್ನೋ ಸೂತ್ರವನ್ನು 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಜನಪ್ರಿಯ ಮಾಡಿದ್ರು. ಐಸ್ ಮತ್ತು ಪೂರ್ತಿ ವಿಶ್ರಾಂತಿ ಗುಣವಾಗೋದನ್ನು ತಡಮಾಡಬಹುದು ಅಂತ ಅವರೇ 2014ರ ಹೊತ್ತಿಗೆ ಮಾತು ತಿದ್ದಿಕೊಂಡ್ರು. ತನ್ನದೇ ಮಾತು ತಿದ್ದಿಕೊಂಡ ಮನುಷ್ಯ ಅಂತ ನನಗೆ ಅವರ ಮೇಲೆ ಗೌರವ ಜಾಸ್ತಿ. ಈಗ ಹೇಳೋದು ಇಷ್ಟು: ಊತ, ನೋವಿದ್ದ ಒಂದೆರಡು ದಿನ ಸುಮ್ಮನಿರಿ, ಆಮೇಲೆ ನೋವಾಗದಷ್ಟು ನಡೀರಿ, ಮೆಲ್ಲಗೆ ಓಟಕ್ಕೆ ಬನ್ನಿ. ನೋವು ಎಲುಬಿನುದ್ದಕ್ಕೂ ಹರಡಿದ್ರೆ ಸಾಮಾನ್ಯವಾಗಿ ಓಟ ಕಡಿಮೆ ಮಾಡಿದಾಗ ತಗ್ಗುತ್ತದೆ. ಒಂದೇ ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವಂತಿದ್ರೆ, ರಾತ್ರಿ ಮಲಗಿದಾಗಲೂ ಕಾಡ್ತಿದ್ರೆ, ಎಲುಬಿಗೆ ಸಣ್ಣ ಬಿರುಕು ಬಿಟ್ಟಿರಬಹುದು. ಎಣ್ಣೆ ತಿಕ್ಕಿ, ನೋವಿನ ಗುಳಿಗೆ ನುಂಗಿ ಓಡೋಕೆ ಹೋಗಬೇಡಿ, ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಭರ್ತಿಗೆ ಇನ್ನು ಹದಿನೈದೇ ದಿನ ಇದ್ದರೂ ಅಷ್ಟೇ. ಭರ್ತಿ ಮತ್ತೆ ಕರೀತಾರೆ.

ನನ್ನ ಕಾಲು ಸರಿಯಾಗೋಕೆ ಎರಡು ತಿಂಗಳು ಹಿಡೀತು. ಅಷ್ಟರಲ್ಲಿ ಪರೀಕ್ಷೆ ಮುಗಿದುಹೋಗಿತ್ತು, ವಯಸ್ಸೂ ಮೀರಿತ್ತು. ಆಮೇಲೆ ಶುರು ಮಾಡಿದ್ದೇ ಈ ಸುಮ್ಮನೆ ಓಡೋ ಓಟ, ವಾಚ್ ನೋಡದೆ, ಪಕ್ಕದವನ ಜೊತೆ ಮಾತಾಡೋಕೆ ಉಸಿರು ಸಾಲುವಷ್ಟು ನಿಧಾನಕ್ಕೆ. ಬರೋ ಭಾನುವಾರ ಶಿರಹಟ್ಟಿಯಿಂದ ಮಾಗಡಿ ಕೆರೆವರೆಗೆ ಎಂಟು ಕಿಲೋಮೀಟರ್ ಹೋಗೋಣ ಅಂತ ನಾವು ನಾಲ್ಕು ಜನ ಮಾತಾಡ್ಕೊಂಡಿದ್ದೀವಿ. ಹೆಬ್ಬಾತುಗಳು ಹೊಲದ ಕಡೆ ಹಾರುವ ಹೊತ್ತಿಗೆ ದಂಡೆ ಮೇಲೆ ಇರಬೇಕು.