ಲಿನಕ್ಸ್ ಡೆಸ್ಕ್‌ಟಾಪ್ ತಂತ್ರಾಂಶಗಳ ಪ್ಯಾಕೇಜಿಂಗ್

ಬರೆದು ಮುಗಿಸಿದ ತಂತ್ರಾಂಶವನ್ನು ಬಳಕೆದಾರರು ತಮ್ಮ ಕಂಪ್ಯೂಟರಿನಲ್ಲಿ ಸುಲಭವಾಗಿ ಸ್ಥಾಪಿಸಲು, ಕಾಲಕಾಲಕ್ಕೆ ನವೀಕರಿಸಲು, ಬೇಡವಾದಾಗ ಪೂರ್ತಿ ತೆಗೆದುಹಾಕಲು ಬರುವಂತೆ ಕಟ್ಟಿಕೊಡುವ ಕೆಲಸವೇ ಪ್ಯಾಕೇಜಿಂಗ್. ಲಿನಕ್ಸ್‌ನಲ್ಲಿ ಈ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಲಿನಕ್ಸ್ ಎಂಬುದು ಕರ್ನೆಲ್‌ನ ಹೆಸರು ಮಾತ್ರ. ಅದಕ್ಕೆ ಸಿ ಲೈಬ್ರರಿ, ಡೆಸ್ಕ್‌ಟಾಪ್, ನೂರಾರು ಸಣ್ಣ ಸಾಧನಗಳನ್ನು ಆಯ್ದು ಜೋಡಿಸಿ ಬಳಕೆಗೆ ಒದಗಿಸುವವು ಡಿಸ್ಟ್ರೋಗಳು. ಡೆಬಿಯನ್, ಉಬುಂಟು, ಫೆಡೋರಾ, ಓಪನ್‌ಸೂಸೆ, ಆರ್ಚ್ ಮೊದಲಾದ ಡಿಸ್ಟ್ರೋಗಳ ಆಯ್ಕೆ, ಆವೃತ್ತಿ, ಬಿಡುಗಡೆಯ ಗತಿ ಒಂದಕ್ಕಿಂತ ಒಂದು ಬೇರೆ. ಹೀಗಾಗಿ ಒಂದೇ ತಂತ್ರಾಂಶವನ್ನು ಹಲವು ಸಲ, ಹಲವು ಬಗೆಯಲ್ಲಿ ಕಟ್ಟಬೇಕಾಗುತ್ತದೆ.

ಆರಂಭದ ದಿನಗಳಲ್ಲಿ ತಂತ್ರಾಂಶ ಸಿಗುತ್ತಿದ್ದುದು ಹೆಚ್ಚಾಗಿ ಟಾರ್ ಕಡತವಾಗಿ. ಅದನ್ನು ಬಿಚ್ಚಿ, ಕಂಪೈಲ್ ಮಾಡಿ, ಯಾವ ಕಡತ ಎಲ್ಲಿ ಹೋಗಿ ಕೂತಿತು ಎಂಬುದನ್ನು ಬಳಕೆದಾರರೇ ನೆನಪಿಡಬೇಕಿತ್ತು. ಇಯನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಯೋಜನೆಯ ಡಿಪಿಕೆಜಿ, 1995ರಲ್ಲಿ ರೆಡ್ ಹ್ಯಾಟ್ ಹೊರತಂದ ಆರ್‌ಪಿಎಂ ಈ ಲೆಕ್ಕವನ್ನು ತಾವೇ ಇಡತೊಡಗಿದವು. ಆದರೂ ಒಂದು ಪ್ಯಾಕೇಜಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಬೇಕೆಂಬ ಸರಪಳಿಯನ್ನು ಕೈಯಾರೆ ಬಿಡಿಸುವ ಪಾಡು ತಪ್ಪಿರಲಿಲ್ಲ. 1999ರ ಡೆಬಿಯನ್ 2.1ರೊಂದಿಗೆ ಬಂದ ಆಪ್ಟ್, ಬೇಕಾದುದನ್ನೆಲ್ಲ ಡಿಸ್ಟ್ರೋದ ಪ್ಯಾಕೇಜ್ ಭಂಡಾರವಾದ ರೆಪಾಸಿಟರಿಯಿಂದ ತಾನೇ ತಂದುಕೊಡತೊಡಗಿತು. ಮುಂದೆ ಆರ್‌ಪಿಎಂ ಬಳಸುವ ಡಿಸ್ಟ್ರೋಗಳಿಗೆ ಯಮ್, ಡಿಎನ್‌ಎಫ್, ಜಿಪ್ಪರ್‌ಗಳೂ ಆರ್ಚ್‌ಗೆ ಪ್ಯಾಕ್‌ಮ್ಯಾನ್ ಕೂಡ ಬಂದವು.

ಡೆಬಿಯನ್ ಪ್ಯಾಕೇಜಿನ ನಮೂನೆಯಾದ ಡೆಬ್ ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ಮೂರೇ ಭಾಗಗಳಿರುತ್ತವೆ. ಮೊದಲನೆಯದರಲ್ಲಿ ಇರುವುದು ನಮೂನೆಯ ಆವೃತ್ತಿಯನ್ನು ತಿಳಿಸುವ ‘2.0’ ಎಂಬ ಒಂದೇ ಸಾಲು. ಎರಡನೆಯದರಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಅವಲಂಬನೆಗಳ ಪಟ್ಟಿ ಮತ್ತು ಸ್ಥಾಪನೆಯ ಹಿಂದೆ ಮುಂದೆ ಓಡುವ ಪುಟ್ಟ ಸ್ಕ್ರಿಪ್ಟ್‌ಗಳು. ಮೂರನೆಯದು ಡಿಸ್ಕಿಗೆ ಹೋಗಬೇಕಾದ ನಿಜವಾದ ಕಡತಗಳ ಕಟ್ಟು. ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ ಓಡುತ್ತವೆ. ಆದ್ದರಿಂದ ಎಲ್ಲಿಂದಲೋ ಇಳಿಸಿಕೊಂಡ ಡೆಬ್ ಅನ್ನು ಸ್ಥಾಪಿಸುವುದೆಂದರೆ ಇಡೀ ಕಂಪ್ಯೂಟರನ್ನು ಅದರ ಕೈಗೆ ಒಪ್ಪಿಸಿದಂತೆಯೇ. ಆರ್‌ಪಿಎಂ ಪ್ಯಾಕೇಜನ್ನು ಕಟ್ಟುವ ವಿಧಾನವೆಲ್ಲ ಒಂದೇ ‘ಸ್ಪೆಕ್’ ಕಡತದಲ್ಲಿರುತ್ತದೆ. ಡೆಬಿಯನ್‌ನಲ್ಲಿ ಅದೇ ವಿವರ ಒಂದು ಫೋಲ್ಡರಿನ ಹಲವು ಕಡತಗಳಲ್ಲಿ ಹಂಚಿಹೋಗಿರುತ್ತದೆ. ಆರ್ಚ್‌ನಲ್ಲಿ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್‌ನಲ್ಲೇ ಕೆಲಸ ಮುಗಿಯುತ್ತದೆ.

ನಮೂನೆಗಳ ಈ ಭೇದ ದೊಡ್ಡ ತೊಡಕೇನಲ್ಲ. ನಿಜವಾದ ತೊಡಕು ಹೆಸರುಗಳಲ್ಲಿ, ಆವೃತ್ತಿಗಳಲ್ಲಿ ಇದೆ. ಲೋಹಿತ್ ಕನ್ನಡ ಫಾಂಟ್ ಡೆಬಿಯನ್‌ನಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’, ಫೆಡೋರಾದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’. ಕನ್ನಡ ಅಕ್ಷರ ಬೇಕಿರುವ ತಂತ್ರಾಂಶವೊಂದನ್ನು ಎರಡಕ್ಕೂ ಕಟ್ಟುವವರು ಅವಲಂಬನೆಯ ಪಟ್ಟಿಯನ್ನು ಎರಡು ಬಾರಿ ಬರೆಯಲೇಬೇಕು. ಓಪನ್‌ಎಸ್‌ಎಸ್‌ಎಲ್ ಬಳಸಿ ಕಂಪೈಲ್ ಮಾಡಲು ಡೆಬಿಯನ್‌ನಲ್ಲಿ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಬೇಕು, ಫೆಡೋರಾದಲ್ಲಿ ‘ಓಪನ್‌ಎಸ್‌ಎಸ್‌ಎಲ್-ಡೆವೆಲ್’. ಆರ್ಚ್‌ನಲ್ಲಿ ಹೆಡರ್ ಕಡತಗಳಿಗೆ ಬೇರೆ ಪ್ಯಾಕೇಜೇ ಇಲ್ಲ.

ಆವೃತ್ತಿಯ ತೊಡಕಿಗೆ ಜಿಲಿಬ್‌ಸಿ ಒಳ್ಳೆಯ ನಿದರ್ಶನ. ಹೆಚ್ಚಿನ ಡಿಸ್ಟ್ರೋಗಳ ಮೂಲ ಸಿ ಲೈಬ್ರರಿಯಾದ ಇದು ಉಬುಂಟು 20.04ರಲ್ಲಿ 2.31, 22.04ರಲ್ಲಿ 2.35. ಹಳೆಯದರಲ್ಲಿ ಕಂಪೈಲ್ ಮಾಡಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ತೆರೆಯುವ ಮೊದಲೇ ‘ಈ ಆವೃತ್ತಿ ಸಿಗಲಿಲ್ಲ’ ಎಂದು ನಿಂತುಬಿಡಬಹುದು. ಅದಕ್ಕೇ ಅನುಭವಿಗಳು ತಾವು ಬೆಂಬಲಿಸಬೇಕಾದ ಡಿಸ್ಟ್ರೋಗಳಲ್ಲಿ ತೀರ ಹಳೆಯದನ್ನು ಆರಿಸಿ ಅದರಲ್ಲೇ ಕಂಪೈಲ್ ಮಾಡುತ್ತಾರೆ. ಈ ಕಷ್ಟವನ್ನು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರೂ ಬಲ್ಲರು. ನೀರಿನಡಿ ಈಜುವವರ ದಾಖಲೆಗಾಗಿ ಅವರು 2011ರಲ್ಲಿ ಆರಂಭಿಸಿದ ಸಬ್‌ಸರ್ಫೇಸ್ ತಂತ್ರಾಂಶದ ತಂಡಕ್ಕೆ ವಿಂಡೋಸ್, ಮ್ಯಾಕ್‌ಗಳಿಗಿಂತ ಲಿನಕ್ಸ್‌ಗೆ ಸಿದ್ಧ ಕಡತ ಒದಗಿಸುವುದೇ ಕಷ್ಟವಾಗಿದೆ ಎಂದು 2014ರಲ್ಲಿ ಪೋರ್ಟ್‌ಲ್ಯಾಂಡ್‌ನ ಡೆಬಿಯನ್ ಸಮ್ಮೇಳನದಲ್ಲೇ ದೂರಿದ್ದರು.

ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಇನ್ನೂ ಕೆಲವು ಕಡತಗಳು ಬೇಕು: ಮೆನುವಿನಲ್ಲಿ ಹೆಸರು ಕಾಣಿಸುವ ‘ಡೆಸ್ಕ್‌ಟಾಪ್’ ಕಡತ, ಬೇರೆ ಬೇರೆ ಅಳತೆಯ ಐಕಾನ್‌ಗಳು, ತಂತ್ರಾಂಶ ಮಳಿಗೆಗಳಲ್ಲಿ ವಿವರಣೆ ತೋರಿಸುವ ಆಪ್‌ಸ್ಟ್ರೀಮ್ ಮಾಹಿತಿ. ಫ್ರೀಡೆಸ್ಕ್‌ಟಾಪ್ ಯೋಜನೆ ಇವುಗಳ ನಿಯಮಗಳನ್ನು ಎಲ್ಲರಿಗೂ ಒಂದೇ ಆಗಿಸಿದೆ. ಡೆಸ್ಕ್‌ಟಾಪ್ ಕಡತದಲ್ಲಿ ಕನ್ನಡದ ಹೆಸರಿಗೆಂದು ಒಂದು ಸಾಲು ಸೇರಿಸಿದರೆ, ಕನ್ನಡದಲ್ಲಿ ಹೊಂದಿಸಿದ ಡೆಸ್ಕ್‌ಟಾಪಿನ ಮೆನುವಿನಲ್ಲಿ ಅದೇ ಹೆಸರು ಕಾಣುತ್ತದೆ.

ಡಿಸ್ಟ್ರೋದ ರೆಪಾಸಿಟರಿಗೆ ತಂತ್ರಾಂಶವನ್ನು ಸೇರಿಸುವವರು ಸಾಮಾನ್ಯವಾಗಿ ಅದನ್ನು ಬರೆದವರಲ್ಲ, ಮೇಂಟೇನರ್ ಎನ್ನಿಸಿಕೊಂಡ ಮೂರನೆಯವರು. ಪರವಾನಗಿಯನ್ನು ಪರಿಶೀಲಿಸುವುದು, ತಂತ್ರಾಂಶದೊಳಗೆ ಹುದುಗಿಸಿದ ಲೈಬ್ರರಿಯ ನಕಲುಗಳನ್ನು ಕಿತ್ತು ಡಿಸ್ಟ್ರೋದ ಲೈಬ್ರರಿಗೆ ಜೋಡಿಸುವುದು, ಬೇಕಾದ ತಿದ್ದುಪಡಿ ಹಾಕುವುದು ಅವರ ಕೆಲಸ. ಲೈಬ್ರರಿಯಲ್ಲಿ ದೋಷ ಸಿಕ್ಕರೆ ಅದೊಂದನ್ನೇ ಸರಿಪಡಿಸಿದರೆ ಸಾಕು, ಅದನ್ನು ಹಂಚಿಕೊಂಡ ತಂತ್ರಾಂಶಗಳೆಲ್ಲ ಸರಿಯಾಗುತ್ತವೆ. ಆದರೆ ತಿದ್ದುವ ಅಧಿಕಾರದಿಂದ ಜಗಳಗಳೂ ಹುಟ್ಟಿವೆ. ಟ್ರೇಡ್‌ಮಾರ್ಕ್ ವಿಚಾರದಲ್ಲಿ ಮೊಜಿಲ್ಲಾ ಜೊತೆ ಹೊಂದಿಕೆಯಾಗದೆ, ಫೈರ್‌ಫಾಕ್ಸ್ ಬ್ರೌಸರ್ ಡೆಬಿಯನ್‌ನಲ್ಲಿ 2006ರಿಂದ 2016ರವರೆಗೆ ‘ಐಸ್‌ವೀಸೆಲ್’ ಎಂಬ ಹೆಸರಿನಲ್ಲೇ ಇತ್ತು. ಅದೇ 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ ಹಾಕಿದ ತಿದ್ದುಪಡಿಯ ಪೆಟ್ಟು ಇನ್ನೂ ದೊಡ್ಡದು. ದೋಷಪತ್ತೆ ಸಾಧನವೊಂದರ ಎಚ್ಚರಿಕೆಯನ್ನು ಅಡಗಿಸಲು ಹೋಗಿ, ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಬಹುಪಾಲು ಮುಚ್ಚಿಹೋಯಿತು. ಉಳಿದದ್ದು ಪ್ರಾಸೆಸ್ ಸಂಖ್ಯೆ ಮಾತ್ರ. ಅದರ ಗರಿಷ್ಠ ಮಿತಿ ಸಾಮಾನ್ಯವಾಗಿ 32,768. ಲೂಸಿಯಾನೊ ಬೆಲ್ಲೊ 2008ರಲ್ಲಿ ಇದನ್ನು ಪತ್ತೆಹಚ್ಚುವವರೆಗೂ ಡೆಬಿಯನ್, ಉಬುಂಟುಗಳಲ್ಲಿ ತಯಾರಾದ ಕೀಲಿಗಳು ಊಹೆಗೆ ನಿಲುಕುವಂತಿದ್ದವು.

2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣದಲ್ಲಿ ಪ್ಯಾಕೇಜಿಂಗೇ ಗುರಿಯಾಗಿತ್ತು. ಸಂಕುಚನ ಲೈಬ್ರರಿಯಾದ ಎಕ್ಸ್‌ಝಡ್‌ನ 5.6.0, 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ ಹಿಂಬಾಗಿಲು, ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜನ್ನು ಕಟ್ಟುತ್ತಿರುವ ಲಕ್ಷಣ ಕಂಡರೆ ಮಾತ್ರ ಲೈಬ್ರರಿಯೊಳಗೆ ಸೇರಿಕೊಳ್ಳುತ್ತಿತ್ತು. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಮೂಲತಃ ಈ ಲೈಬ್ರರಿಯನ್ನು ಬಳಸುವುದೇ ಇಲ್ಲ. ಕೆಲವು ಡಿಸ್ಟ್ರೋಗಳು, ಹಿನ್ನೆಲೆ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗಾಗಿ ಹಾಕಿಕೊಂಡ ತಿದ್ದುಪಡಿಯ ಮೂಲಕ ನಂಟು ಬೆಳೆದಿತ್ತು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಹುನ್ನಾರ ಹೊರಬಿತ್ತು.

ಒಮ್ಮೆ ಕಟ್ಟಿ ಎಲ್ಲ ಡಿಸ್ಟ್ರೋಗಳಲ್ಲೂ ಓಡಿಸುವ ಪ್ರಯತ್ನಗಳಲ್ಲಿ ಮೂರು ನೆಲೆಯೂರಿವೆ. ಸೈಮನ್ ಪೀಟರ್ ಅವರ ಆಪ್‌ಇಮೇಜ್‌ನಲ್ಲಿ ತಂತ್ರಾಂಶ ಮತ್ತು ಅದರ ಲೈಬ್ರರಿಗಳು ಒಂದೇ ಕಡತದಲ್ಲಿರುತ್ತವೆ. ಇಳಿಸಿಕೊಂಡು, ಓಡಲು ಅನುಮತಿ ಕೊಟ್ಟು, ಕ್ಲಿಕ್ ಮಾಡಿದರಾಯಿತು. ಎಲ್ಲವನ್ನೂ ಹೊತ್ತು ತರುವ ಇದಕ್ಕೂ ಫ್ಯೂಸ್ ಲೈಬ್ರರಿಯ ಹಂಗು ತಪ್ಪಿರಲಿಲ್ಲ: ಉಬುಂಟು 22.04ರಲ್ಲಿ ಆ ಲೈಬ್ರರಿಯ ಹಳೆಯ ಆವೃತ್ತಿ ಮೊದಲೇ ಇರದ ಕಾರಣ ಎಷ್ಟೋ ಆಪ್‌ಇಮೇಜ್‌ಗಳು ತೆರೆಯಲೇ ಇಲ್ಲ. ಅಲೆಕ್ಸಾಂಡರ್ ಲಾರ್ಸನ್ ಆರಂಭಿಸಿದ, 2016ರಲ್ಲಿ ಈಗಿನ ಹೆಸರು ಪಡೆದ ಫ್ಲಾಟ್‌ಪ್ಯಾಕ್ ನಡುದಾರಿ ಹಿಡಿಯಿತು. ಸಾಮಾನ್ಯವಾಗಿ ಬೇಕಾಗುವ ಲೈಬ್ರರಿಗಳನ್ನು ‘ರನ್‌ಟೈಮ್’ ಎಂಬ ಒಂದೇ ಕಟ್ಟಿನಿಂದ ಹಲವು ತಂತ್ರಾಂಶಗಳು ಹಂಚಿಕೊಳ್ಳುತ್ತವೆ. ಪ್ರತಿ ತಂತ್ರಾಂಶವೂ ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ ಓಡುತ್ತದೆ. ಆ ಬೇಲಿ ಎಷ್ಟು ಗಟ್ಟಿ ಎಂಬುದು ತಂತ್ರಾಂಶ ಕೇಳಿ ಪಡೆದ ಅನುಮತಿಗಳ ಮೇಲೆ ನಿಂತಿದೆ. ಮೂರನೆಯದು ಉಬುಂಟುವಿನ ಕೆನಾನಿಕಲ್ ಕಂಪನಿಯ ಸ್ನ್ಯಾಪ್. ಉಬುಂಟು 22.04ರಲ್ಲಿ ಆಪ್ಟ್ ಮೂಲಕ ಫೈರ್‌ಫಾಕ್ಸ್ ಕೇಳಿದರೂ ಸಿಗುವ ಡೆಬ್ ಬರೀ ಹೆಸರಿಗೆ. ಅದು ತರಿಸುವುದು ಸ್ನ್ಯಾಪನ್ನೇ. ಕ್ರೋಮಿಯಂ ಬ್ರೌಸರ್‌ನ ವಿಷಯದಲ್ಲಿ ಇಂಥದೇ ನಡೆಯನ್ನು ಒಪ್ಪದ ಲಿನಕ್ಸ್ ಮಿಂಟ್ 2020ರಲ್ಲಿ, ತನ್ನ 20ನೇ ಆವೃತ್ತಿಯಿಂದ, ಸ್ನ್ಯಾಪ್ ತಾನಾಗಿ ಬಂದು ಸೇರದಂತೆ ತಡೆ ಹಾಕಿತು.

ಈ ಮೂರೂ ಡಿಸ್ಕ್ ಜಾಗವನ್ನು ಹೆಚ್ಚು ತಿನ್ನುತ್ತವೆ ಎಂಬ ದೂರು ಹಳೆಯದು, ಈಗ ಅಷ್ಟು ಮುಖ್ಯವೂ ಅಲ್ಲ. ಹೊಣೆ ಯಾರದು ಎಂಬುದು ಹೆಚ್ಚು ತೂಕದ ಪ್ರಶ್ನೆ. ಲೈಬ್ರರಿಯನ್ನು ಒಳಗೇ ಹೊತ್ತುಕೊಂಡ ತಂತ್ರಾಂಶದಲ್ಲಿ ಭದ್ರತಾ ದೋಷ ಕಂಡರೆ ಡಿಸ್ಟ್ರೋ ಏನೂ ಮಾಡಲಾರದು. ಅದನ್ನು ಕಟ್ಟಿದವರೇ ಮತ್ತೆ ಕಟ್ಟಬೇಕು, ಅವರು ಕೈಬಿಟ್ಟಿದ್ದರೆ ದೋಷ ಹಾಗೇ ಉಳಿಯುತ್ತದೆ. ಅತ್ತ ಡಿಸ್ಟ್ರೋಗಳಿಗೂ ಎಲ್ಲವನ್ನೂ ತಾವೇ ಕಟ್ಟುವುದು ಭಾರವಾಗತೊಡಗಿದೆ. ಲಿಬ್ರೆಆಫೀಸ್‌ನ ಆರ್‌ಪಿಎಂ ಪ್ಯಾಕೇಜುಗಳನ್ನು ತಾನು ಇನ್ನು ನೋಡಿಕೊಳ್ಳುವುದಿಲ್ಲ, ಬೇಕಾದವರು ಫ್ಲಾಟ್‌ಪ್ಯಾಕ್ ಬಳಸಬಹುದು ಎಂದು ರೆಡ್ ಹ್ಯಾಟ್ 2023ರಲ್ಲಿ ತಿಳಿಸಿತು. ಫೆಡೋರಾದಲ್ಲಿ ಆ ಪ್ಯಾಕೇಜುಗಳನ್ನು ಸ್ವಯಂಸೇವಕರ ಗುಂಪೊಂದು ವಹಿಸಿಕೊಂಡಿತು.