ಹಾಲಿಗಿಲ್ಲದ ಗೆರೆ ಬಾಂಡಿಗೇಕೆ?

ಮಂಗಳೂರಿನ ಕುಲಶೇಖರ ಎಂದರೆ ನಮ್ಮ ಜಿಲ್ಲೆಯ ಹೈನುಗಾರರಿಗೆ ನೆನಪಾಗುವುದು ಹಾಲು ಒಕ್ಕೂಟದ ಡೇರಿ. ಮಕ್ಕಳಿಗೆ ಸರ್ಕಾರ ಕೊಡುವ ಸವಲತ್ತಿನ ಕಥೆಯನ್ನು ನಾವೂ ಹಾಲಿನಿಂದಲೇ ಶುರು ಮಾಡುತ್ತೇವೆ.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು. ಸರ್ಕಾರಿ, ಅನುದಾನಿತ ಶಾಲೆಯ ಮಗುವಿಗೆ ಲೋಟದಲ್ಲಿ ಹಾಲು ಕೊಡುವಾಗ ಅಪ್ಪನ ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ.

ಭಾಗ್ಯಲಕ್ಷ್ಮಿ ಹಾಗಲ್ಲ. 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೆ ಎಂದು ಬಂದ ಯೋಜನೆ ಅದು. ಮೊದಲು ಎಲ್‌ಐಸಿ ಬಾಂಡ್ ಕೊಡುತ್ತಿದ್ದರು. 2020-21ರಿಂದ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಸರ್ಕಾರವೇ ಕಟ್ಟುತ್ತದೆ. ಒಟ್ಟು 45,000 ರೂಪಾಯಿ, ಮೇಲೆ ಬಡ್ಡಿ.

ಬಿಪಿಎಲ್ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10,000. ಗಂಡ ಹೆಂಡತಿ ಇಬ್ಬರೂ ದುಡಿದು 11,000 ತಂದರೆ ಸರ್ಕಾರದ ಲೆಕ್ಕದಲ್ಲಿ ಅವರು ಅನುಕೂಲಸ್ಥರು. ಸಾವಿರ ಹೆಚ್ಚು ದುಡಿದದ್ದಕ್ಕೆ ಮಗಳ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ.

ಬ್ರಿಟನ್ ಕೂಡ 2013ರಿಂದ ಹೆಚ್ಚು ಆದಾಯದವರಿಂದ ಮಕ್ಕಳ ಭತ್ಯೆಯನ್ನು ತೆರಿಗೆಯ ರೂಪದಲ್ಲಿ ವಾಪಸ್ ಪಡೆಯುತ್ತಿದೆ. ಆದರೆ ಒಂದೇ ಏಟಿಗೆ ಅಲ್ಲ. 2024ರಿಂದ ವರ್ಷದ ಆದಾಯ 60,000 ಪೌಂಡ್ ದಾಟಿದ ಮೇಲೆ ಸ್ವಲ್ಪಸ್ವಲ್ಪವೇ ಕಡಿತವಾಗುತ್ತಾ 80,000ಕ್ಕೆ ಪೂರ್ತಿ ನಿಲ್ಲುತ್ತದೆ.

ಬಂಗಲೆ, ಕಾರು ಇರುವ ಮನೆಗೂ ಕೊಡಿ ಎನ್ನುವುದು ನಮ್ಮ ವಾದವಲ್ಲ. ಗೆರೆಯಿಂದ ಒಂದು ಹೆಜ್ಜೆ ಆಚೆ ಇಟ್ಟವರ ಮಗಳಿಗೆ ಅರ್ಧವಾದರೂ ಸಿಗಲಿ ಎನ್ನುತ್ತೇವೆ.